ರಾಡಿಗೆ ಮ್ಯಾಚಿಂಗ್ ಮೆಟ್ಟು

ದಿಗ್ಗೇವಾಡಿಯ ಹತ್ತಿರ ಕೃಷ್ಣಾ ನದಿಯ ದಂಡೆಯನ್ನು ಮುಂದೆಂದಾದರೂ ಪುರಾತತ್ವದವರು ಅಗೆದರೆ, ಅವರಿಗೆ ಮೊದಲು ಸಿಗುವುದು ಹಳೆಯ ನಾಣ್ಯವಲ್ಲ, ಗಡಿಗೆಯ ಚೂರಲ್ಲ. ನಮ್ಮ ಮೌಶಿಯ ಪಾದರಕ್ಷೆಗಳು! ಅದೂ ಎಡಗಾಲಿನದು ಒಂದು ಕಡೆ, ಬಲಗಾಲಿನದು ಇನ್ನೊಂದು ಕಡೆ. ಇಲ್ಲಿ ಒಂಟಿ ಕಾಲಿನ ಜನಾಂಗವೊಂದು ಬಾಳಿ ಬದುಕಿತ್ತು ಎಂದು ಆ ಪಂಡಿತರು ದೊಡ್ಡ ಲೇಖನ ಬರೆದರೆ ದಯವಿಟ್ಟು ನಂಬಬೇಡಿ. ಇರುವವಳು ಒಬ್ಬಳೇ, ಎರಡು ಕಾಲಿನವಳೇ. ಬಾಯಿ ಮಾತ್ರ ನಾಲ್ಕು ಜನರದ್ದು.

ಮೌಶಿ ಎಂದರೆ ನಮ್ಮವ್ವನ ಅಕ್ಕ. ನಿಮ್ಮ ಕಡೆ ದೊಡ್ಡಮ್ಮ ಅನ್ನುತ್ತೀರಿ. ನಾವು ಗಡಿಯವರು, ಅರ್ಧ ಬಳಗವನ್ನು ಮರಾಠಿಯಲ್ಲೇ ಕರೆಯುತ್ತೇವೆ, ಜಗಳವನ್ನು ಮಾತ್ರ ಕನ್ನಡದಲ್ಲಿ ಆಡುತ್ತೇವೆ. ಮೌಶಿಗೆ ಅರವತ್ತೈದು ದಾಟಿದೆ. ಆ ವಯಸ್ಸಿನ ಬೇರೆ ಹೆಂಗಸರು ಭಜನೆಗೆ ಹೋಗುತ್ತಾರೆ, ಇಲ್ಲವೇ ಟೀವಿಯೊಳಗಿನ ಅತ್ತೆಯಂದಿರಿಂದ ಕಲಿತದ್ದನ್ನು ಮನೆಯ ಸೊಸೆಯ ಮೇಲೆ ಪ್ರಯೋಗಿಸುತ್ತಾರೆ. ನಮ್ಮ ಮೌಶಿ ಗಾಳದ ಕೋಲನ್ನು ಹೆಗಲಿಗೇರಿಸಿ ನದಿಗೆ ಹೊರಡುತ್ತಾಳೆ. ನಾನು ಚಿಕ್ಕೋಡಿಯ ಒಂದು ಆಫೀಸಿನಲ್ಲಿ ಕುರ್ಚಿ ಸವೆಸುವವನು. ರವಿವಾರ ಬಂತೆಂದರೆ ಬೈಕ್ ಹತ್ತಿ ಅವಳ ಮನೆಗೆ ಬರುತ್ತೇನೆ. ನಾನು ಬರುವುದು ಪ್ರೀತಿಗೆ ಎಂದು ಮೌಶಿ ತಿಳಿದಿದ್ದಾಳೆ, ಮೀನಿನ ಸಾರಿಗೆ ಎಂದು ಅವಳ ಸೊಸೆ ತಿಳಿದಿದ್ದಾಳೆ. ಸೊಸೆ ಜಾಣೆ.

ಮೌಶಿ ಗಾಳ ಹಾಕುವ ರೀತಿಯೇ ಬೇರೆ. ಉಳಿದವರು ನೀರು ನೋಡುತ್ತಾರೆ, ಇವಳು ನೀರಿನ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ಸೀರೆ ಎತ್ತಿ ಕಟ್ಟಿ, ಬರಿಗಾಲಿನಲ್ಲಿ ದಂಡೆಯ ರಾಡಿಯಲ್ಲಿ ಅತ್ತಿಂದಿತ್ತ ಅಡ್ಡಾಡುತ್ತಾಳೆ, ಸೈಟು ಕೊಳ್ಳಲು ಬಂದವರ ಹಾಗೆ. ಉಸುಕು ಮುಗಿದು ಮೆತ್ತನೆಯ ಹೂಳು ಶುರುವಾಗುವ ಜಾಗ ಅಂಗಾಲಿಗೆ ತಾಕಿತೋ, ಅಲ್ಲೇ ನಿಲ್ಲುತ್ತಾಳೆ. "ಇಲ್ಲಿ ಅದಾವ ನೋಡ್ ತಮ್ಮಾ, ಮೇಯಾಕ ಬಂದಾವ" ಅನ್ನುತ್ತಾಳೆ. ಮೀನು ಸಿಕ್ಕರೆ ಅದು ಅವಳ ಕಾಲಿನ ಗುಣ. ಸಿಗದಿದ್ದರೆ? ಆ ದಿನದ ಮೀನುಗಳಿಗೆ ಬುದ್ಧಿ ಇಲ್ಲ!

ಹೀಗಿರುವಾಗ ಹೋದ ಮಳೆಗಾಲದಲ್ಲಿ ಅವಳ ಹೆಬ್ಬೆರಳಿಗೆ ಗಾಜಿನ ಚೂರು ನಟ್ಟಿತು. ನಟ್ಟಿದ್ದು ಅವಳಿಗೆ ಗೊತ್ತೇ ಇರಲಿಲ್ಲ. ಅಂಗಳದ ತುಂಬ ಬಿದ್ದ ರಕ್ತದ ಹೆಜ್ಜೆ ನೋಡಿ ಸೊಸೆ ಚೀರಿದಳು. "ಮೀನಿನ ಧ್ಯಾನದಾಗ ಇದ್ನಿ, ಲಕ್ಷ್ಯ ಹೋಗಲಿಲ್ಲ" ಎಂದಳು ಮೌಶಿ. ನಾವೂ ನಂಬಿದೆವು. ಅವಳ ಧ್ಯಾನ ಅಂಥದ್ದು.

ರಾಯಬಾಗದ ಡಾಕ್ಟರು ರಕ್ತ ನೋಡಿ ಸಕ್ಕರೆ ಕಾಯಿಲೆ ಎಂದರು. ಸುತ್ತ ನಾಲ್ಕು ದಿಕ್ಕಿಗೂ ಕಬ್ಬು. ಸಕ್ಕರೆಯೆಲ್ಲ ಲಾರಿ ಹತ್ತಿ ಊರ ಹೊರಗೆ ಹೋಗುತ್ತದೆ ಎಂದು ನಾವು ತಿಳಿದಿದ್ದೆವು. ಒಂದಿಷ್ಟು ಮೌಶಿಯೊಳಗೆ ಇಳಿದುಕೊಂಡಿತ್ತು. ಡಾಕ್ಟರು ಸೂಜಿಯ ಮೊನೆ ಹಿಡಿದು, "ಅಂಗಾಲಿಗೆ ಮುಟ್ಟಿಸ್ತೀನ್ರಿ, ಗೊತ್ತಾದ್ರ ಹೇಳ್ರಿ" ಎಂದರು. ಅವರು ಇನ್ನೂ ಬಗ್ಗಿಯೇ ಇರಲಿಲ್ಲ, "ಗೊತ್ತಾತ್ರಿ, ಗೊತ್ತಾತ್ರಿ!" ಎಂದು ಮೌಶಿ ಕೂಗಿದಳು. ಇಡೀ ಆಸ್ಪತ್ರೆ ನಕ್ಕಿತು, ನಾನೂ ನಕ್ಕೆ. ಡಾಕ್ಟರು ಮಾತ್ರ ನಗಲಿಲ್ಲ. "ಆಯಿ, ಇನ್ನ ಬರಿಗಾಲಿಲೆ ಹೊಸ್ತಿಲಾ ದಾಟಬ್ಯಾಡ್ರಿ. ಇನ್ನೊಂದು ಗಾಯ ಆತಂದ್ರ ಬೆರಳು ತಗೀಬೇಕಾಗತೈತಿ" ಎಂದರು.

ಹೊರಗೆ ಬಂದ ಮೇಲೆ ಮೌಶಿ ನನಗೆ ಕಾನೂನು ಹೇಳಿದಳು. "ಕೇಳಿದಿಲ್ಲೋ? ನದೀಗಿ ಹೋಗಬ್ಯಾಡ ಅಂದಿಲ್ಲಾಂವ. ಬರಿಗಾಲಿಲೆ ಹೋಗಬ್ಯಾಡ ಅಂದಾನ. ನಡಿ, ಮೆಟ್ಟು ನೋಡೂಣು."

ಸೊಸೆಯೂ ಬಿಡಲಿಲ್ಲ. "ಅತ್ತಿ, ಈ ಮಳಿಗಾಲ ಮುಗಿಯೂದ್ರೊಳಗ ರಾಡಿಗೆ ತಡಿಯೂ ಮೆಟ್ಟು ಸಿಕ್ರ ಸಿಕ್ತು. ಇಲ್ಲಂದ್ರ ಗಾಳದ ಕೋಲು ಒಲಿ ಪಾಲು ನೋಡ್ರಿ" ಎಂದು ಎಲ್ಲರೆದುರಿಗೇ ಹೇಳಿದಳು. ಆಕೆ ಹೇಳಿದ್ದನ್ನು ಮಾಡುವ ಹೆಣ್ಣುಮಗಳು.

ಕನ್ಯೆ ನೋಡಲು ಹೋಗುವವರ ಗತ್ತಿನಲ್ಲಿ ಮೌಶಿ ಚಿಕ್ಕೋಡಿಯ ಚಪ್ಪಲಿ ಅಂಗಡಿಗೆ ಬಂದಳು. ಕೈಯಲ್ಲೊಂದು ಕ್ಯಾರಿಬ್ಯಾಗು, ಭಾರವಾಗಿ ಜೋತಾಡುತ್ತಿತ್ತು. ನನಗಾಗಿ ಮೀನು ತಂದಿದ್ದಾಳೆ ಎಂದು ನಾನು ಖುಷಿಪಟ್ಟೆ. ಅಂಗಡಿಯವನು ಒಂದು ಜೊತೆ ಸ್ಯಾಂಡಲ್ ಇಟ್ಟು, "ವಾಟರ್‌ಪ್ರೂಫ್ ಐತ್ರಿ ಆಯಿ" ಎಂದ.

"ನೀರಿಂದೇನು ತಗೊಂಡಿ, ರಾಡಿಗಿ ತಡೀತೈತೇನು?"

"ಏ, ಎಲ್ಲಾದಕ್ಕೂ ತಡೀತೈತ್ರಿ!"

"ಹಂಗಾರ ನೋಡೇಬಿಡೂಣು" ಎಂದು ಮೌಶಿ ಕ್ಯಾರಿಬ್ಯಾಗು ಬಿಚ್ಚಿದಳು. ಒಳಗಿದ್ದದ್ದು ಮೀನಲ್ಲ, ಕೃಷ್ಣೆಯ ರಾಡಿ! ಹೆಂಗಸರು ಸೀರೆಯ ತುಂಡು ಒಯ್ದು ಬ್ಲೌಸ್ ಮ್ಯಾಚಿಂಗ್ ನೋಡುವುದಿಲ್ಲವೇ, ಹಾಗೆ ಇವಳು ದಿಗ್ಗೇವಾಡಿಯ ಅಸಲಿ ರಾಡಿಯನ್ನು ಸ್ಯಾಂಪಲ್ ತಂದಿದ್ದಳು. ಅಂಗಡಿಯವನು ಕೈ ಮುಗಿದ. ಅವನ ಹೊಸ ಟೈಲ್ಸ್ ಮೇಲೆ ಒಂದು ಮುಷ್ಟಿ ಬಿದ್ದೇ ಬಿದ್ದಿತು. ಸ್ಯಾಂಡಲ್ ಹಾಕಿ ಅದರ ಮೇಲೆ ನಿಂತಳು, ಕಣ್ಣು ಮುಚ್ಚಿದಳು, ತಲೆ ಅಲ್ಲಾಡಿಸಿದಳು.

"ತಳಾ ದಪ್ಪ ಆತು. ನೆಲಾ ಗೊತ್ತಾಗವಲ್ದು. ಈ ಜೋಡಿ ಬ್ಯಾಡ."

ಆ ಅಂಗಡಿಯ ಮುಂದೆ ಹಾಯುವಾಗ ನಾನು ಈಗಲೂ ಹೆಲ್ಮೆಟ್ ತೆಗೆಯುವುದಿಲ್ಲ.

ಎರಡನೆಯದು ಗಂಬೂಟು. ನದಿಗೆ ಹೋಗುವ ದಾರಿ ಒಬ್ಬ ಜೈನ ಸಾವುಕಾರರ ಕಬ್ಬಿನ ಹೊಲದ ಬದುವಿನ ಮೇಲೆ ಹಾಯುತ್ತದೆ. ಇರುವೆ ಕಂಡರೆ ಬಳಸಿ ನಡೆಯುವ ಮನುಷ್ಯ ಅವರು. ಮೌಶಿಯನ್ನು ತಡೆಯಲು ಸಂಕೋಚ, ಬಿಡಲು ಸಂಕಟ. ದಿನಾಲೂ ಇದೇ ಮಾತು:

"ಎಲ್ಲಿಗಿ ಹೊಂಟೀರಿ ಆಯಿ?"

"ನದಿ ನೋಡಾಕ್ರಿ ಸಾವ್ಕಾರ್ರ."

"ಮತ್ತ ಬುಟ್ಟಿ ಯಾಕ್ರಿ?"

"ನದೀನೂ ನನ್ನ ಬುಟ್ಟಿ ನೋಡಬೇಕಲ್ರಿ!"

ಹೆಬ್ಬೆರಳಿನ ಸುದ್ದಿ ಕೇಳಿ, ತಾವು ಕಬ್ಬಿಗೆ ನೀರು ಹಾಯಿಸುವಾಗ ಹಾಕುತ್ತಿದ್ದ ಗಂಬೂಟನ್ನು ಅವರೇ ತಂದು ಕೊಟ್ಟರು. "ನಿಮ್ಮ ಕಾಲು ಉಳೀಲಿ ಅಂತ ಕೊಡಾಕತ್ತೀನ್ರಿ. ಮೀನು ಹಿಡೀರಿ ಅಂತ ಅಲ್ರಿ ಮತ್ತ" ಎಂದು ಸ್ಪಷ್ಟಪಡಿಸಿದರು. ಮೌಶಿಗೆ ಅವು ಮೊಣಕಾಲು ದಾಟುತ್ತಿದ್ದವು. ನನ್ನ ಆಫೀಸಿನ ಸಾಕ್ಸು ಎರಡು ಜೊತೆ ಒಳಗೆ ಹಾಕಿ ಅವಳ ಕಾಲನ್ನು ಸೈಜಿಗೆ ತಂದೆವು.

ನಮ್ಮ ಎರೆಮಣ್ಣಿನ ರಾಡಿಯ ಸ್ವಭಾವ ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ಒಳಗೆ ಬಿಟ್ಟುಕೊಳ್ಳುವಾಗ ಬಹಳ ಮರ್ಯಾದೆ. ಹೊರಗೆ ಬಿಡುವಾಗ, ಚಹಾ ಕುಡಿಯದೆ ಎದ್ದ ಬೀಗರನ್ನು ಹಿಡಿದು ಕೂರಿಸುವ ಹಾಗೆ ಹಿಡಿಯುತ್ತದೆ. ದಂಡೆಗೆ ಇಳಿದ ಮೌಶಿ ನಾಲ್ಕು ಹೆಜ್ಜೆ ಹೋಗಿ ಕಂಬವಾದಳು. ನಾನು ಹಿಂದಿನಿಂದ ಕಂಕುಳಿಗೆ ಕೈಹಾಕಿ ಎಳೆದೆ. ಮೌಶಿ ಬಂದಳು, ಸಾಕ್ಸೂ ಬಂದವು. ಬೂಟುಗಳು ಬರಲಿಲ್ಲ. ನಾನು ಅಂಗಾತ ಬಿದ್ದೆ, ನನ್ನ ಮೇಲೆ ಮೌಶಿ ಬಿದ್ದಳು. ಬಿದ್ದಲ್ಲಿಂದಲೇ ತೀರ್ಪು ಕೊಟ್ಟಳು: "ಗ್ವಾಡಿ ಮ್ಯಾಲ ನಿಂತಂಗ ಆಗತೈತಿ. ನೆಲಾ ಗೊತ್ತಾಗವಲ್ದು. ಈ ಜೋಡಿ ಬ್ಯಾಡ!"

ಬದುವಿನ ಮೇಲೆ ನಿಂತಿದ್ದ ಸಾವುಕಾರರು ತಮ್ಮ ಬೂಟು ನಿಧಾನವಾಗಿ ಮುಳುಗುವುದನ್ನು ಕಣ್ಣಾರೆ ಕಂಡರು. "ಹೋಗ್ಲಿ ಬಿಡ್ರಿ. ಇವತ್ತಿನ ಮೀನು ಉಳಿದ್ವಲ್ಲ" ಎಂದು ಸಮಾಧಾನದಿಂದ ಮನೆಗೆ ನಡೆದರು.

ತಳ ತೆಳ್ಳಗಿರಬೇಕು, ಅಷ್ಟೇ ತಾನೇ? ಅದಕ್ಕೆ ಅಥಣಿಗೇ ಹೋದೆವು. ಅಲ್ಲಿ ಚಪ್ಪಲಿ ಹೊಲಿಯುವ ಒಬ್ಬ ಕಾಕಾನ ಪರಿಚಯ ನನಗಿತ್ತು. ನೀವು ಕೊಲ್ಹಾಪುರದ ಚಪ್ಪಲಿ ಎಂದು ಮೆರೆಯುವುದರಲ್ಲಿ ಎಷ್ಟೋ ಜೊತೆಗಳು ಹುಟ್ಟುವುದು ಅಥಣಿಯ ಇಂಥ ಕಾಕಾಗಳ ಕೈಯಲ್ಲೇ, ಇರಲಿ. ಮೌಶಿಯ ಬೇಡಿಕೆ ಕೇಳಿ ಕಾಕಾ ಉಳಿಯನ್ನು ಕೆಳಗಿಟ್ಟ.

"ಆಯಿ, ಇದನ್ನ ಲಗ್ನಕ್ಕ ಹಾಕ್ಕೊಂಡು ಹೋಗ್ತಾರ್ರಿ. ರಾಡಿಗಲ್ರಿ!"

"ನಾನೂ ಲಗ್ನಕ್ಕ ಹೊಂಟೀನಪಾ. ಮೀನಿನ ಲಗ್ನ ಐತಿ. ನೀ ತಳಾ ತೆಳ್ಳಗ ಮಾಡು."

ಕಾಕಾ ತೊಗಲು ಕೆರೆದ. "ಇನ್ನಷ್ಟು ತೆಳ್ಳಗ" ಎಂದಳು. ಮತ್ತೆ ಕೆರೆದ. "ಇನ್ನೂ ಒಂದೀಟು" ಎಂದಳು. ಕಾಕಾ ಸೋತು ಹೇಳಿದ, "ಇದಕ್ಕಿಂತ ತೆಳ್ಳಗ ಅಂದ್ರ ಉಳಿಯೂದು ನಿಮ್ಮ ಕಾಲಿನ ತೊಗಲ ನೋಡ್ರಿ!"

ಆ ಚಪ್ಪಲಿ ಒಂದೇ ಒಂದು ಸಲ ನದಿ ಕಂಡಿತು. ನೀರು ಕುಡಿದು ಹಪ್ಪಳದಂತೆ ಉಬ್ಬಿ, ಒಣಗಲು ಕಟ್ಟೆಯ ಮೇಲಿಟ್ಟಾಗ ಹಪ್ಪಳದಂತೆಯೇ ಸೊಟ್ಟಗಾಯಿತು. ತೊಗಲಿನ ವಾಸನೆ, ಮೇಲೆ ಮೀನಿನ ವಾಸನೆ. ಓಣಿಯ ನಾಯಿಗೆ ಇದಕ್ಕಿಂತ ಒಳ್ಳೆಯ ಊಟ ಯಾರು ಬಡಿಸಿದ್ದರು? ಒಂದನ್ನು ಕಚ್ಚಿಕೊಂಡು ಓಡಿತು. ಸೊಸೆ ಬೆನ್ನಟ್ಟಲು ಹೊರಟರೆ ಮೌಶಿ ತಡೆದಳು: "ಬಿಡವಾ, ತಿನ್ಲಿ. ಅದರಾಗೂ ನೆಲಾ ಗೊತ್ತಾಗಲಿಲ್ಲ."

ಮಳೆಗಾಲ ಮುಗಿಯುತ್ತ ಬಂತು. ಸೊಸೆ ಅಡುಗೆ ಮಾಡುವಾಗ ಗಾಳದ ಕೋಲಿನ ಕಡೆ ಆಗಾಗ ನೋಡತೊಡಗಿದಳು. ಕಡೆಗೆ ನಾನೇ ಮೊಬೈಲಿನಲ್ಲಿ ಹುಡುಕಿ, ನೀರಿನಲ್ಲಿ ಆಡುವವರು ಹಾಕುವ ರಬ್ಬರಿನ ಬೂಟು ತರಿಸಿದೆ. ಏನು ಬೂಟು ಅಂತೀರಿ! ಕಾಲಿಗೆ ಮೈಚರ್ಮದ ಹಾಗೆ ಅಂಟುತ್ತದೆ. ರಾಡಿ ಹಿಡಿಯುವುದಿಲ್ಲ, ನೀರು ನಿಲ್ಲುವುದಿಲ್ಲ, ತಳ ತೆಳ್ಳಗಿದ್ದರೂ ಮುಳ್ಳು ಹಾಯುವುದಿಲ್ಲ. ರವಿವಾರ ಬೆಳಿಗ್ಗೆ ಮೌಶಿಗೆ ಹಾಕಿಸಿ ನದಿಗೆ ಕರೆತಂದೆ. ರಾಡಿಯಲ್ಲಿ ಸರಸರ ನಡೆದಳು. ಕಾಲು ಹೂತರೂ ಬೂಟು ಕಾಲು ಬಿಡಲಿಲ್ಲ. ನಾನು ದಂಡೆಯ ಮೇಲೆ ನಿಂತು, ಗೆದ್ದ ಉಮೇದುವಾರನ ಹಾಗೆ ಅಭಿನಂದನೆಗೆ ಕಾಯುತ್ತಿದ್ದೆ.

ಮೌಶಿ ಅತ್ತ ಅಡ್ಡಾಡಿದಳು, ಇತ್ತ ಅಡ್ಡಾಡಿದಳು, ನಿಂತಳು.

"ನೆಲಾ ಗೊತ್ತಾಗವಲ್ದೋ ತಮ್ಮಾ."

ನನಗೆ ತಲೆ ಕೆಟ್ಟೇ ಹೋಯಿತು. "ನಿನಗ ಮೆಟ್ಟು ಬೇಕಾಗಿಲ್ಲ ಮೌಶಿ, ನಖರಾ ಮಾಡಾಕ ಒಂದು ನೆಪಾ ಬೇಕಾಗೈತಿ! ಊರಾಗಿನ ಅಂಗಡಿ ಮುಗಿದ್ವು, ಅಥಣಿ ಮುಗೀತು, ನನ್ನ ರವಿವಾರ ಎಲ್ಲಾ ಮುಗಿದ್ವು. ಇನ್ನ ಸ್ವರ್ಗದಿಂದ ಇಳಿಸಬೇಕೇನು ನಿನಗ ಮೆಟ್ಟು?" ಎಂದು ಕೂಗಾಡಿದೆ. ಯಾವತ್ತೂ ಒಂದಕ್ಕೆ ನಾಲ್ಕು ತಿರುಗಿಸಿ ಕೊಡುವವಳು ಅಂದು ದಂಡೆಯ ಕಲ್ಲಿನ ಮೇಲೆ ಕೂತು ಬೂಟು ಕಳಚಿದಳು. ಬರಿಗಾಲನ್ನು ಮೆಲ್ಲಗೆ ರಾಡಿಯೊಳಗೆ ಇಳಿಸಿದಳು.

"ಹಾಂ, ಈಗರ ಗೊತ್ತಾತಿಲ್ಲೋ ಮಹಾರಾಣಿಗೆ?" ಎಂದೆ.

ಅವಳು ತನ್ನ ಕಾಲನ್ನೇ ನೋಡುತ್ತಿದ್ದಳು, ಬೇರೆ ಯಾರದ್ದೋ ಕಾಲು ಎನ್ನುವ ಹಾಗೆ.

"ಇಲ್ಲೋ ತಮ್ಮಾ. ಬರಿಗಾಲಿಗೂ ಗೊತ್ತಾಗವಲ್ದು."

ನಾನು ಅವಳ ಪಕ್ಕ ಕೂತು, "ಯಾವಾಗಿಂದ ಮೌಶಿ?" ಎಂದೆ.

"ಗಾಜು ನಟ್ಟತಲ್ಲಾ, ಅದಕ್ಕಿಂತ ಮೊದಲಿಂದ ಇರಬೇಕು. ಪ್ರತಿ ಸರ್ತಿ ಹೊಸಾ ಮೆಟ್ಟು ಹಾಕ್ಕೊಂಡಾಗ, ಇದು ಮೆಟ್ಟಿನ ತಪ್ಪ ಇರಲಿ ದೇವರ, ಮೆಟ್ಟಿನ ತಪ್ಪ ಇರಲಿ ಅಂತ ಬೇಡಕೋತಿದ್ನಿ" ಎಂದಳು. ಅಷ್ಟು ಹೇಳಿ ನದಿಯ ಕಡೆ ನೋಡಿದಳು. ಮೊದಲ ಸಲ ಅವಳು ಗಾಳ ಹಾಕುವ ಮೊದಲು ನೀರು ನೋಡಿದ್ದನ್ನು ನಾನು ಕಂಡೆ. ಸುಳ್ಳು ಯಾಕೆ ಹೇಳಲಿ, ನನಗೆ ಅಳು ಬಂತು.

ನಾನು ಅವಳ ಕಾಲನ್ನು ರಾಡಿಯಿಂದ ಎತ್ತಿ, ನೀರು ಹಾಕಿ ತೊಳೆದೆ. ಬೆರಳಿನ ಸಂದಿ ಸಂದಿ ನೋಡಿದೆ, ಗಾಯವಿರಲಿಲ್ಲ. ಕರ್ಚೀಫಿನಿಂದ ಒರೆಸಿ ರಬ್ಬರ್ ಬೂಟು ಹಾಕಿದೆ. ಆಮೇಲೆ ನನ್ನ ಪಾಲಿಶ್ ಮಾಡಿದ ಬೂಟು ಕಳಚಿ, ಪ್ಯಾಂಟು ಮಡಚಿದೆ.

"ಏನ್ ಮಾಡಾಕತ್ತಿಯೋ?"

"ನೀ ಕುಂದ್ರು. ನೆಲಾ ಹ್ಯಾಂಗೈತಿ ಅಂತ ನಾ ಹೇಳ್ತೀನಿ" ಎಂದು ಇಳಿದೆ. ರಾಡಿ ಬೆರಳುಗಳ ನಡುವೆ ಪಿಚಕ್ಕನೆ ಎದ್ದಿತು. ಆಫೀಸಿನ ಫ್ಯಾನಿನ ಕೆಳಗೆ ಬೆಳೆದ ಕಾಲು ನನ್ನದು, ಮೈಯೆಲ್ಲ ಜುಮ್ಮೆಂದಿತು.

"ಮ್ಯಾಲ ಬೆಚ್ಚಗೈತಿ ಮೌಶಿ, ಒಳಗ ಥಂಡ ಐತಿ."

"ಉಸುಕು ಹತ್ತತೈತೇನು?"

"ಹೂಂ, ಚರಚರ ಅಂತೈತಿ."

"ಎಡಕ್ಕ ಹೋಗು. ಎತ್ತಿ ಇಡಬ್ಯಾಡ ಕಾಲು, ಎಳಕೋತ ಹೋಗು, ದಡ್ಡ! ಏನಂತೈತಿ?"

"ಇನ್ನೂ ಉಸುಕೈತಿ. ಹಾಂ, ತಡಿ ತಡಿ... ಇಲ್ಲಿ ಮೆತ್ತಗಾತು. ಬೆಣ್ಯಾಗ ಕಾಲಿಟ್ಟಂಗ ಆತು!"

"ಅಲ್ಲೇ ನಿಂದ್ರು!"

ಕೋಲು ಹಿಡಿದು ಸರಸರ ಬಂದು ನನ್ನ ಪಕ್ಕ ನಿಂತಳು. ಗಾಳ ಬೀಸಿದಳು. ಬೆಂಡು ನೀರಿನ ಮೇಲೆ ಕೂತಿತು. ಇಬ್ಬರೂ ಅದನ್ನೇ ನೋಡುತ್ತ ನಿಂತೆವು. ಬೆಂಡು ಮುಳುಗಿತು, ಮೌಶಿ ಎಳೆದಳು. ಅಂಗೈ ಅಗಲದ ಮೀನೊಂದು ಪಟಪಟ ಹೊಡೆದುಕೊಳ್ಳುತ್ತ ಮೇಲೆ ಬಂತು.

ಅದನ್ನು ಬುಟ್ಟಿಗೆ ಹಾಕಿ, ಮೌಶಿ ಬಗ್ಗಿ ರಾಡಿಯಲ್ಲಿ ಹೂತಿದ್ದ ನನ್ನ ಎರಡೂ ಕಾಲನ್ನು ನೋಡಿದಳು. ಚಪ್ಪಲಿ ಅಂಗಡಿಯಲ್ಲಿ ನೋಡಿದ ಹಾಗೆಯೇ, ತಲೆ ಆ ಕಡೆ ಈ ಕಡೆ ಹೊರಳಿಸಿ, ಬಹಳ ಅನುಮಾನದಿಂದ.

"ಈ ಜೋಡಿ ಇರಲಿ" ಎಂದಳು.