ಓರೆಯಾಗಿ ಮಲಗುವ ಕತ್ತಿ

ಮಡಚಿದ ಕತ್ತಿಯ ಅಲಗು ಹಿಡಿಯ ನಟ್ಟನಡುವೆ ಬಂದು ಮಲಗಬೇಕು. ಲೋಕದ ಸಮತೋಲವೆಲ್ಲ ಇಂಥ ಸಣ್ಣ ಸಂಗತಿಗಳ ಮೇಲೇ ನಿಂತಿದೆ. ಈ ಸತ್ಯವನ್ನು ಯಾವ ಋಷಿಯೂ ಹೇಳಿಲ್ಲ, ಅವರಿಗೆ ಬೇರೆ ಕೆಲಸವಿತ್ತು. ನನಗೆ ಹೊಳೆಯಿತು. ಮಣಿಪಾಲದ ನಮ್ಮ ಆಫೀಸಿನಲ್ಲಿ ಮಧ್ಯಾಹ್ನದ ಊಟವಾದ ಮೇಲೆ ನನಗೆ ಹೇಳಿಕೊಳ್ಳುವಂಥ ಕೆಲಸ ಇರುತ್ತಿರಲಿಲ್ಲ.

ಅದು ಎಪ್ಪತ್ತರ ದಶಕದ ಕೊನೆ. ಗಲ್ಫಿನಿಂದ ಬಂದವರ ಪೆಟ್ಟಿಗೆ ತೆರೆಯುವಾಗ ಇಡೀ ನೆರೆಕರೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ ಕಾಲ. ಬಹರೈನಿನಲ್ಲಿದ್ದ ನನ್ನ ಹೆಂಡತಿಯ ಅಣ್ಣ, ಸದಾಶಿವ ಭಾವ, ಕಿರಿಯ ತಂಗಿಯ ಮದುವೆಗೆಂದು ರಜೆ ಹಾಕಿ ಬಂದ. ಅವನ ಪೆಟ್ಟಿಗೆಯಿಂದ ಹೆಂಗಸರಿಗೆ ನೈಲಾನ್ ಸೀರೆ ಬಂತು, ಮಾವನವರಿಗೆ ಟಾರ್ಚು ಬಂತು, ತಳದಲ್ಲಿ ಉಳಿದ ಒಂದು ಮಡಚುಕತ್ತಿ ನನ್ನ ಪಾಲಿಗೆ ಬಂತು. ಹಿಡಿಗೆ ಹಿತ್ತಾಳೆಯ ಅಂಚು. ಅಲಗಿನಲ್ಲಿ ಮುಖ ನೋಡಿ ಗಡ್ಡ ಕೆರೆಯಬಹುದಿತ್ತು. "ಭಾವ, ಈ ಸಲ ಗುಳ್ಳ ಹೆಚ್ಚಲು ಇದೇ ತನ್ನಿ," ಎಂದ.

ಇಲ್ಲಿ ಗುಳ್ಳದ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ನನ್ನ ಮಾವನವರು ಮಟ್ಟುವಿನಲ್ಲಿ ಗುಳ್ಳ ಬೆಳೆಯುವವರು. ಮದುವೆಯ ಮುನ್ನಾದಿನ ನೆರೆಕರೆಯವರೆಲ್ಲ ತಂತಮ್ಮ ಕತ್ತಿ ಹಿಡಿದು ಬಂದು ತರಕಾರಿ ಹೆಚ್ಚಿಕೊಡುವುದು ಊರಿನ ಪದ್ಧತಿಯಾದರೆ, ಮೊದಲ ಗುಳ್ಳಕ್ಕೆ ಹಿರಿಯ ಅಳಿಯನೇ ಕತ್ತಿ ಹಾಕಬೇಕೆನ್ನುವುದು ಆ ಮನೆಯ ಕ್ರಮ. ಹಿರಿಯ ಅಳಿಯ ನಾನೇ. ಆದರೆ ಮಾವನವರಿಗೆ ನನ್ನ ಮೇಲೆ ನಂಬಿಕೆ ಇರಲಿಲ್ಲ. ಕಾರ್ಕಳದವನಾದ ನಾನು ಮದುವೆಯಾದ ಹೊಸತರಲ್ಲಿ ಅವರ ಮನೆಯ ಊಟದ ಪಂಕ್ತಿಯಲ್ಲಿ ಕುಳಿತು, "ಬದನೆಕಾಯಿ ಚೆನ್ನಾಗಿದೆ," ಎಂದುಬಿಟ್ಟಿದ್ದೆ. ಗುಳ್ಳ ಬದನೆಯ ಜಾತಿಯದೇ ನಿಜ, ಆದರೆ ಮಟ್ಟುವಿನಲ್ಲಿ ಅದನ್ನು ಬದನೆಕಾಯಿ ಎನ್ನುವುದು, ಮದುಮಗನನ್ನು ತೋರಿಸಿ "ಅಲ್ಲಿ ಯಾರೋ ಒಬ್ಬ ಗಂಡಸು ಕುಳಿತಿದ್ದಾನೆ" ಎಂದಂತೆ. ಅಂದಿನಿಂದ ಮಾವನವರು ನನ್ನ ಜೊತೆ ಹವಾಮಾನದ ಬಗ್ಗೆ ಮಾತ್ರ ಮಾತಾಡುತ್ತಿದ್ದರು. ಈ ಮದುವೆಯಲ್ಲಿ ನೆಟ್ಟಗೆ ಗುಳ್ಳ ಹೆಚ್ಚಿದರೆ ನಾನು ಅಳಿಯ. ಇಲ್ಲವಾದರೆ ಮಗಳ ಜೊತೆ ಬಂದು ಹೋಗುವ ಒಬ್ಬ ಕಾರ್ಕಳದವನು.

ಅಂಥ ಹೊತ್ತಿನಲ್ಲಿ ಕತ್ತಿಯ ದೋಷ ನನ್ನ ಕಣ್ಣಿಗೆ ಬಿತ್ತು. ಬಿಡಿಸಿದಾಗ ಅಲಗು ಗೆರೆ ಎಳೆದಂತೆ ನೇರ. ಮಡಚಿದರೆ ಮಾತ್ರ ಎಡಕ್ಕೆ ವಾಲಿ, ಹಿಡಿಯ ಒಂದು ಮಗ್ಗುಲಿಗೆ ಮೈಯುಜ್ಜಿಕೊಂಡು ಮಲಗುತ್ತಿತ್ತು. ತೆರೆಯುವಾಗ ಹೆಬ್ಬೆರಳಿಗೆ ಸಣ್ಣದೊಂದು ಕಿರಿಕಿರಿ. ಕಾರ್ಕಳದ ಬಸ್ಸಿನಲ್ಲಿ ಪಕ್ಕದವನು ನಿದ್ದೆಹೋಗಿ ನಿಮ್ಮ ಹೆಗಲಿಗೆ ತಲೆಯಿಟ್ಟರೆ ಪ್ರಾಣವೇನೂ ಹೋಗುವುದಿಲ್ಲ, ಆದರೆ ಉಡುಪಿಯವರೆಗೆ ಬೇರೆ ಯೋಚನೆ ಬರುವುದಿಲ್ಲ. ಹಾಗೆ.

ಹೆಂಡತಿಗೆ ತೋರಿಸಿದೆ. ಮೆಟ್ಟುಕತ್ತಿಯ ಮುಂದೆ ಕುಳಿತು ಸೌತೆಕಾಯಿ ಹೆಚ್ಚುತ್ತಿದ್ದವಳು ತಲೆಯೆತ್ತದೆ ಕೇಳಿದಳು: "ಬಿಡಿಸಿದಾಗ ನೆಟ್ಟಗೆ ಉಂಟಲ್ಲ?"

"ಉಂಟು."

"ಮತ್ತೆ ಎಂತ? ನೀವು ತರಕಾರಿ ಹೆಚ್ಚುವುದು ಮಡಚಿದ ಕತ್ತಿಯಲ್ಲಿಯಾ?"

ಸೂಕ್ಷ್ಮಜ್ಞತೆ ಎಲ್ಲರಿಗೂ ಬರುವಂಥದ್ದಲ್ಲ ಎಂದುಕೊಂಡು, ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಫೆಲಿಕ್ಸನಿಗೆ ತೋರಿಸಿದೆ. ಅವನು ಶಿರ್ವದವನು, ಮನೆಯ ಅರ್ಧ ಜನ ಗಲ್ಫಿನಲ್ಲಿ. ಕತ್ತಿಯನ್ನು ಎರಡು ಸಲ ತಿರುಗಿಸಿ ನೋಡಿ ಹೇಳಿದ: "ಬಿಡು ಮಾರಾಯಾ. ನಮ್ಮಲ್ಲಿ ಇಂಥದ್ದು ರಾಶಿ ಉಂಟು, ಒಂದೂ ನಡುವಿನಲ್ಲಿ ಕೂರುವುದಿಲ್ಲ. ಕೇಕು ಕಟ್ ಮಾಡಿದರೆ ಕೇಕಿಗೆಂತ ಗೊತ್ತಾಗ್ತದೆ, ಅಲ್ವಾ?"

ಕೇಕಿಗೆ ಗೊತ್ತಾಗಲಿಕ್ಕಿಲ್ಲ, ಗುಳ್ಳಕ್ಕೆ ಗೊತ್ತಾಗುತ್ತದೆ ಎಂದು ನನ್ನ ಅಂತರಾತ್ಮ ನುಡಿಯಿತು. ಅಂತರಾತ್ಮದ ತೊಂದರೆ ಇದೇ, ಅದಕ್ಕೆ ಸುತ್ತಿಗೆ ಹಿಡಿದು ಅಭ್ಯಾಸವಿರುವುದಿಲ್ಲ. ಭಾನುವಾರ ಹೆಂಡತಿ ದೇವಸ್ಥಾನಕ್ಕೆ ಹೋದದ್ದೇ ತಡ, ಕತ್ತಿಯನ್ನು ಕಡೆಯುವ ಕಲ್ಲಿನ ಮೇಲೆ ಮಲಗಿಸಿದೆ. ಎಡಗಡೆಯ ಸಂದಿಗೆ ಪೌಡರ್ ಡಬ್ಬಿಯ ತಗಡಿನ ಒಂದು ಚೂರನ್ನು ತೂರಿಸಿ, ಅಲಗನ್ನೂ ಹಿಡಿಯನ್ನೂ ಕೂಡಿಸುವ ಆಣಿಯ ತಲೆಗೆ ಮೆಲ್ಲಗೆ ಬಡಿದೆ. ಅಲಗು ಕೂದಲೆಳೆಯಷ್ಟು ಸರಿಯಿತು. ಸಂತೋಷವಾಗಿ ಜೋರಾಗಿ ಬಡಿದೆ. ಎತ್ತಿ ನೋಡಿದರೆ ಅಲಗು ನಟ್ಟನಡುವೆ, ಗರ್ಭಗುಡಿಯಲ್ಲಿ ದೇವರು ನಿಂತಂತೆ! ಎರಡೂ ಕಡೆ ಒಂದೇ ಅಳತೆಯ ಸಂದಿ. ತೆರೆದು ನೋಡಬೇಕೆಂದು ಒಮ್ಮೆ ಅನ್ನಿಸಿದ್ದು ನಿಜ. ಆದರೆ ಅಷ್ಟು ಕಷ್ಟಪಟ್ಟು ನಡುವಿಗೆ ತಂದದ್ದು ಕದಲಿಬಿಟ್ಟರೆ? ಬೇಡವೆಂದು ಕರವಸ್ತ್ರದಲ್ಲಿ ಸುತ್ತಿಟ್ಟೆ.

ಮದುವೆಯ ಮುನ್ನಾದಿನ ಸಂಜೆ ಮಟ್ಟುವಿನ ಅಂಗಳದ ಚಪ್ಪರದಡಿಯಲ್ಲಿ ಚಾಪೆ ಹಾಸಿತ್ತು. ನಾನು ಕತ್ತಿಯನ್ನು ಒಬ್ಬೊಬ್ಬರ ಮೂಗಿನ ಕೆಳಗೂ ಹಿಡಿದು, ಅಲಗು ಮಲಗಿದ ಭಂಗಿಯನ್ನು ವಿವರಿಸುತ್ತಾ ಬಂದೆ. ಮಾವನವರು ತಾವೇ ಆರಿಸಿದ ದುಂಡನೆಯ ಗುಳ್ಳವೊಂದನ್ನು ತಂದು ನನ್ನ ಮುಂದಿನ ಮಣೆಯ ಮೇಲಿಟ್ಟು, ಪಕ್ಕದಲ್ಲಿ ನೀರಿನ ಪಾತ್ರೆಯನ್ನೂ ಸರಿಸಿ, "ಹ್ಞೂಂ, ಅಳಿಯಂದಿರೇ," ಎಂದರು. ಅಷ್ಟು ವರ್ಷಗಳಲ್ಲಿ ಅವರು ನನಗೆ ಹೇಳಿದ, ಮಳೆಗೆ ಸಂಬಂಧಿಸದ ಮೊದಲ ಮಾತು ಅದು.

ಕತ್ತಿ ತೆರೆಯಲಿಲ್ಲ. ಉಗುರು ಹಾಕಿದೆ, ಉಗುರು ಮುರಿಯಿತು. ಪಂಚೆಯ ಅಂಚಿನಲ್ಲಿ ಹಿಡಿದು ಎಳೆದೆ, ಪಂಚೆ ಹರಿಯಿತು. ಸದಾಶಿವ ಭಾವ ಕಿತ್ತುಕೊಂಡು ಹಲ್ಲು ಹಾಕಿ ನೋಡಿ, ದವಡೆ ಸವರಿಕೊಂಡ.

"ಇದಕ್ಕೆ ಎಂತ ಮಾಡಿದ್ದೀರಿ ಭಾವ?"

"ರಿಪೇರಿ."

"ಎಂತ ಹಾಳಾಗಿತ್ತು?"

"ಹಾಳಾಗಿರಲಿಲ್ಲ."

ಒಲೆಯ ಕಡೆಯಿಂದ ಬಂದ ಅಡುಗೆ ಭಟ್ಟರು ಸೊಂಟಕ್ಕೆ ಕೈಯಿಟ್ಟು ನೋಡಿದರು. "ಗುಳ್ಳವನ್ನು ಕತ್ತಿಗೆ ತೋರಿಸಿದರೆ ಸಾಕಾ, ಹೆಚ್ಚಲಿಕ್ಕೂ ಉಂಟಾ? ನನ್ನ ನೀರು ಕುದಿಯುತ್ತಾ ಉಂಟು ಮಾರಾಯರೇ!" ಯಾರೋ ಕಿಸಕ್ಕೆಂದರು. ಮತ್ತೆ ಚಪ್ಪರವೇ ನಕ್ಕಿತು. ನಗದೆ ಇದ್ದವರು ಮಾವನವರೊಬ್ಬರೇ. ಅವರು ಬಗ್ಗಿ, ಮಗುವನ್ನು ಎತ್ತಿಕೊಳ್ಳುವಂತೆ ಗುಳ್ಳವನ್ನು ಎತ್ತಿಕೊಂಡರು. ಆಕಾಶ ನೋಡಿದರು.

"ನಾಳೆ ಮೋಡ ಉಂಟೋ ಏನೋ," ಎಂದರು ನನಗೆ.

ಗುಳ್ಳವನ್ನು ನನ್ನ ಹೆಂಡತಿ ಮೆಟ್ಟುಕತ್ತಿಯಲ್ಲಿ ಹೆಚ್ಚಿದಳು. ನಾನು ಹಿತ್ತಿಲಿನಲ್ಲಿ ಕುಳಿತು ಬಾಳೆಲೆ ಒರೆಸಿದೆ.