ಗ್ಯಾರೇಜಿನ ಬಾಕಿನ ಮ್ಯಾಲ ನಾ ಕುಂದ್ರಂಗಿಲ್ಲ

ನಮ್ಮ ಅಂಗಳದಾಗ ವಾರಕ್ಕೊಮ್ಮೆ ನಾ ಗಾಡಿ ಬಿಚ್ಚತೇನಿ, ತಿಂಗಳಿಗೊಮ್ಮೆ ಓಣಿ ಮಂದಿ ಹೊಟ್ಟಿ ಹಿಡಕೊಂಡು ನಗತಾರ. ಇವತ್ತಿಗೂ ಎರಡೂ ನಿಂತಿಲ್ಲ, ನಿಲ್ಲೂ ಲಕ್ಷಣಾನೂ ಇಲ್ಲ. ನಗೋರು ನಗಲಿ. ನಕ್ಕವರ ಹಲ್ಲು ಕಾಣತಾವ, ನನ್ನ ಗಾಡಿ ಓಡತೈತಿ.

ನಾ ನವಲಗುಂದದಾಕಿ. ತಿರ್ಲಾಪುರದ ಆಚೆ ಒಂದು ಸಣ್ಣ ಹಳ್ಳ್ಯಾಗ ಸಾಲಿ ಅಕ್ಕೋರು. ನನ್ನ ಕಡೆ ಒಂದು ಹಳೇ ಮೊಪೆಡ್ ಐತಿ. ನೌಕರಿ ಹತ್ತಿದ ವರ್ಷ ನನ್ನ ಪಗಾರದಾಗ ತಗೊಂಡದ್ದು, ಕಾಗದದ ಮ್ಯಾಲೂ ನನ್ನ ಹೆಸರ ಐತಿ. ಬಸ್ಸಿನ ದಾರಿ ಕಾದ್ರ ನಾ ಮುಟ್ಟೂದ್ರಾಗ ಸಾಲ್ಯಾಗ ಪ್ರಾರ್ಥನಿ ಮುಗದು ಮಗ್ಗಿ ಶುರು ಆಗಿರತೈತಿ. ಹಿಂಗಾಗಿ ಈ ಮೊಪೆಡ್ ನನ್ನ ಕಾಲು ಇದ್ದಂಗ. ಇದನ್ನ ಮೊದಲ ಯಾಕ ಹೇಳತೇನಂದ್ರ, ಮುಂದಿನ ರಾಮಾಯಣ ಎಲ್ಲಾ ಆ ಕಾಲಿನ ಸಲುವಾಗಿನ ನಡದದ್ದು.

ಬಾಕು

ಒಂದಿನ ಸಾಲಿಯಿಂದ ಬರೂವಾಗ ಗಾಡಿ ಊರ ಹೊರಗ ನಿಂತ್ಬಿಟ್ತು. ನೂಕ್ಕೊಂತ ಗ್ಯಾರೇಜಿಗೆ ಹೋದೆ. ಅದರ ಮುಂದ ಗಿರಾಕಿಗಳು ಕುಂದ್ರಾಕ ಒಂದು ಕಟಗಿ ಬಾಕು ಐತಿ. ಗ್ಯಾರೇಜಿನ ಕಾಕಾ ವಯಸ್ಸಾದವರು. ಕೈಗುಣ ಚಲೋ ಐತಿ, ಅದನ್ನ ಇಲ್ಲ ಅನ್ನಂಗಿಲ್ಲ. ಏನಾಗೈತಿ ಅಂತ ನಾ ಬಗ್ಗಿ ನೋಡಾಕ ಹೋದೆ.

"ಅಕ್ಕೋರ, ನೀವು ಅಲ್ಲೆ ಬಾಕಿನ ಮ್ಯಾಲ ಕುಂದರ್ರಿ. ನಾ ಸಾಹೇಬ್ರಿಗೆ ಹೇಳತೇನಿ" ಅಂದ್ರು ಕಾಕಾ.

ಸಾಹೇಬ್ರು ಅಂದ್ರ ನಮ್ಮನಿಯವರು, ಒಂದು ಸೊಸೈಟ್ಯಾಗ ಕಾರಕೂನ. ನಾ ಎದುರಿಗೇ ಕುಂತೇನಿ, ಕಾಕಾ ಅವರಿಗೆ ಫೋನ್ ಹಚ್ಚಿ ಪ್ಲಗ್ಗಿಗೆ ಮಸಿ ಹಿಡದೈತಿ, ಕಾರ್ಬೊರೇಟರಿನ್ಯಾಗ ಕಸಾ ಕುಂತೈತಿ ಅಂತ ಹತ್ತು ನಿಮಿಷ ಪಾಠ ಹೇಳಿದ್ರು. ಆ ಕಡಿಂದ ಇವರು ಹೌದ್ರಿ, ಹೌದ್ರಿ, ಅಗದಿ ಬರೋಬ್ಬರಿ ಅನ್ನೋದು ಬಾಕಿನ ತನಕ ಕೇಳಸ್ತಿತ್ತು. ನನಗ ಮೈಯೆಲ್ಲಾ ಉರೀತು. ಗಾಡಿ ನಂದು, ಬಿಸಲಾಗ ನೂಕಿದಾಕಿ ನಾನು, ರೋಗದ ಸುದ್ದಿ ಮಾತ್ರ ಅವರಿಗೆ.

ಸಂಜೀಕ ಇವರು ಮನಿಗೆ ಬಂದ ಕೂಡಲೇ ಹೇಳಿಬಿಟ್ಟೆ, ಇನ್ನ ಮ್ಯಾಲ ಈ ಗಾಡಿ ರಿಪೇರಿ ನಾನ ಮಾಡಕೋತೇನಿ, ಆ ಬಾಕಿನ ಮ್ಯಾಲ ಮತ್ತ ಕುಂದ್ರಂಗಿಲ್ಲ ಅಂತ. ಇವರಿಗೆ ನಗು ತಡೀಲಿಲ್ಲ.

"ಮಾಡ್ಕೊ. ಆದ್ರ ಇನ್ನೊಮ್ಮೆ ಇದು ಗ್ಯಾರೇಜಿಗೆ ಹೋತಂದ್ರ ಅಲ್ಲಿಂದ ಸೀದಾ ಗುಜರಿಗೆ. ಆಮ್ಯಾಲೆ ದಿನಾ ನನ್ನ ಬೈಕಿನ ಹಿಂದ ಕುಂತು ಸಾಲಿಗೆ ಹೋಗ್ಬೇಕು, ನೋಡು ಮತ್ತ."

ಇವರ ಬೈಕಿನ ಹಿಂದ ಕುಂದ್ರೋದು ಅಂದ್ರ, ಇವರು ಚಾ ಕುಡದು, ಪೇಪರ್ ಓದಿ, ಮೀಸಿ ಹಿಕ್ಕೊಂಡು ಹೊರಡೂ ತನಕ ನಾ ಬುತ್ತಿಚೀಲ ಹಿಡಕೊಂಡು ಬಾಗಲ್ದಾಗ ನಿಂದ್ರೋದು. ಆತು, ಕಬೂಲ್ ಅಂದೆ. ಇವರು ಗೆದ್ದವರಂಗ ಕೈ ಹಿಂದ ಕಟಗೊಂಡು ನನ್ನ ಮೊಪೆಡ್ಡಿಗೆ ಎರಡು ಸುತ್ತು ಹಾಕಿದ್ರು. ಆಮ್ಯಾಲೆ ಮೆಲ್ಲಕ ಕೇಳಿದ್ರು, "ಇದಕ್ಕ ಪೆಟ್ರೋಲ್ ಎಲ್ಲಿಂದ ಹಾಕ್ತಾರ?"

ಪರಾತ

ಮೊಬೈಲಿನ್ಯಾಗ ವಿಡಿಯೋ ನೋಡಿ ನೋಡಿ ಕಲತೆ. ಪ್ಲಗ್ ಬಿಚ್ಚಿ ಒರಸೋದು ಒಂದ ವಾರದಾಗ ಬಂತು. ಪಂಕ್ಚರ್ ಆದಾಗ ಮಾತ್ರ ಪೇಚಿಗೆ ಬಿತ್ತು. ಟ್ಯೂಬಿಗೆ ಗಾಳಿ ಹೊಡದು ನೀರಾಗ ಮುಳಗಿಸಿ, ಗುಳ್ಳಿ ಎಲ್ಲಿ ಏಳತಾವ ನೋಡ್ಬೇಕು. ಬಕೆಟ್ ಸಣ್ಣದಾತು. ಮನ್ಯಾಗ ಅಗಲ ಇದ್ದದ್ದು ಒಂದ: ನಮ್ಮ ಅತ್ತಿ ತವರುಮನಿಯಿಂದ ತಂದಿದ್ದ ಹಿತ್ತಾಳಿ ಪರಾತ, ಹೋಳಿಗಿ ಕಣಕ ನಾದೂದು. ಅತ್ತಿ ಮಠಕ್ಕ ಹೋಗಿದ್ರು. ಪರಾತ ಅಂಗಳಕ್ಕ ಬಂತು.

ಟ್ಯೂಬ್ ಮುಳಗಿಸಿ ಕುಂತೇನಿ, ಅತ್ತಿ ಬಂದ ಬಿಟ್ರು. ಬಾಗಲ್ದಾಗ ನಿಂತು ಪರಾತ ನೋಡಿದ್ರು, ಟ್ಯೂಬ್ ನೋಡಿದ್ರು, ನನ್ನ ನೋಡಿದ್ರು. ಮುಗೀತು ನನ್ನ ಕಥಿ ಅನಕೊಂಡೆ. ಅವರು ಸೆರಗು ಸೊಂಟಕ್ಕ ಸಿಗಿಸಿ, ನನ್ನ ಬಾಜೂಕ ಕುಂತು, ಚಾಳೀಸು ಏರಿಸಿದ್ರು.

"ಅಲ್ಲಲ್ಲವಾ, ಈ ಕಡೆ ನೋಡು. ಇಲ್ಲೆ ಬರಾಕತ್ತಾವ ಸಣ್ಣ ಸಣ್ಣು" ಅಂದ್ರು.

ಅವತ್ತಿಂದ ನಮ್ಮನಿ ಪಂಕ್ಚರ್ ಖಾತೆ ಅತ್ತೀದು. ಜೀವಮಾನ ಇಡೀ ಜ್ವಾಳದಾಗಿನ ಹಳ್ಳು ಆರಿಸಿದ ಕಣ್ಣು, ತೂತು ತಪ್ಪಿಸಿಕೊಂಡು ಎಲ್ಲಿ ಹೋದೀತು? ಪರಾತಾನ ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕೇ ತಿಕ್ಕಿದ್ವಿ. ಎರಡು ದಿನ ಬಿಟ್ಟು ಹುಣ್ಣಿವಿ ಬಂತು, ಹೋಳಿಗಿ ಆತು. ನಮ್ಮನಿಯವರು ಒಂದು ತುತ್ತು ಬಾಯಾಗ ಇಟಗೊಂಡು, ಯಾಕೋ ರಬ್ಬರ್ ವಾಸನಿ ಬಂದಂಗ ಆಗತೈತಲ್ಲ ಅಂದ್ರು. ನಾ ನೆಲಾ ನೋಡಿದೆ.

ಅತ್ತಿ ಮುಖಾ ಎತ್ತಲಾರದ ಹೇಳಿದ್ರು, "ತುಪ್ಪ ಹಳೇದೈತಿ. ಸುಮ್ನ ಉಣ್ಣು."

ಮಡಗಾರ್ಡ್

ನಮ್ಮ ಎರಿ ಮಣ್ಣು ಬಿಸಲಾಗ ಬಾಯಿ ಬಿಡತೈತಿ, ಮಳ್ಯಾಗ ಬಾಯಿ ಹಾಕತೈತಿ. ನಾಕು ಹನಿ ಬಿದ್ರ ಸಾಕು, ಟಾಯರಿಗೂ ಮಡಗಾರ್ಡಿಗೂ ನಡುವ ಮೆತ್ತಿಕೊಂಡು ಗಾಲೀನ ತಿರಗಾಕ ಬಿಡಂಗಿಲ್ಲ. ಕಡ್ಡಿ ತಗೊಂಡು ಕೆರಕೊಂತ ಕುಂದ್ರಬೇಕು. ಅದಕ್ಕ ಹೊಲಕ್ಕ ಹೋಗೋ ಗಂಡಸರು ಮಳಿಗಾಲದಾಗ ಮಡಗಾರ್ಡ್ ಕಿತ್ತಿ ಅಟ್ಟದ ಮ್ಯಾಲ ಒಗದು ಬಿಡತಾರ. ಅವರು ಕಿತ್ರ ಶ್ಯಾಣ್ಯಾತನ, ನಾ ಕಿತ್ರ ಯಾಕ ಆಗಬಾರ್ದು? ಎರಡೂ ಬಿಚ್ಚಿಟ್ಟೆ.

ಮರುದಿನ ಮಳ್ಯಾಗ ಗಾಡಿ ಎಲ್ಲೂ ನಿಂದ್ರಲಿಲ್ಲ. ದಾರ್ಯಾಗ ಕಡ್ಡಿ ಹಿಡಕೊಂಡು ಕುಂತ ಮೂರು ಮಂದಿ ಗಂಡಸರನ್ನ ದಾಟಿಕೊಂಡು ಹೋದೆ. ಅವರ ಮುಖಾ ನೋಡಿ ನನಗ ಆದ ಸಂತೋಷ ಅಷ್ಟಿಷ್ಟಲ್ಲ. ಒಂದ ಮಾತು ಮರತಿದ್ದೆ. ಮಡಗಾರ್ಡಿಗೆ ಮೆತ್ತೂ ಮಣ್ಣು ಮಡಗಾರ್ಡ್ ಇಲ್ಲಂದ್ರ ಬ್ಯಾರೆ ಎಲ್ಲ್ಯಾರ ಮೆತ್ತಬೇಕಲ್ಲ? ಸೀರಿಗೆ, ಮುಖಕ್ಕ, ಚಾಳೀಸಿಗೆ, ಜಡಿಗೆ, ಎಲ್ಲಾ ಕಡೆ ಮೆತ್ತಿತು.

ಸಾಲಿ ಮುಂದ ಇಳದೆ. ಪ್ರಾರ್ಥನಿಗೆ ನಿಂತ ಹುಡುಗ್ರ ಹಾಡು ಅಲ್ಲೇ ನಿಂತಿತು. ಹೆಡ್ ಮಾಸ್ತರ್ರು ಲಗುಲಗು ನಡಕೊಂತ ಬಂದ್ರು. ಮಳ್ಯಾಗ ತಡಾ ಆಗದಂಗ ಬಂದದ್ದಕ್ಕ ಶಬ್ಬಾಸ್ ಅಂತಾರ ಅಂತ ನಾ ನಿಂತೆ.

"ಯಾವ ಹುಡುಗನ ತಾಯಿರಿ ನೀವು?" ಅಂದ್ರು. "ಕಟ್ಟಿ ಮ್ಯಾಲ ಕುಂದರ್ರಿ. ನಮ್ಮ ಅಕ್ಕೋರು ಇನ್ನೂ ಬಂದಿಲ್ಲ."

ನಾ ಏನು ಜಗ್ಗಲಿಲ್ಲ. ಮಳಿಗಾಲ ಮುಗಿಯೂ ತನಕ ಮಡಗಾರ್ಡ್ ಹಾಕಲೇ ಇಲ್ಲ. ಚೀಲದಾಗ ಇನ್ನೊಂದು ಸೀರಿ ಇಟಗೊಂಡೆ.

ಹಾರ್ನ್

ಹಾರ್ನ್ ಸತ್ತಿತ್ತು. ವೈರ್ ಎಲ್ಲಾ ಬಿಚ್ಚಿ ಮತ್ತ ಜೋಡಿಸಿದೆ. ಹಾರ್ನ್ ಬಟನ್ ಒತ್ತಿದ್ರ ಏನೂ ಇಲ್ಲ. ಬ್ರೇಕ್ ಹಿಡದ್ರ ಮಾತ್ರ ಪೀಂ ಅಂತ ಓಣಿ ಹಾರಿಹೋಗೂವಂಗ ಒದರತೈತಿ, ಬ್ರೇಕ್ ಬಿಡೂ ತನಕ. ನಮ್ಮನಿಯವರು ಇದನ್ನ ಗ್ಯಾರೇಜಿನವರ ಸರಿ ಮಾಡ್ಬೇಕು ಅಂತ ಭಾಳ ಕಾಳಜೀಲೆ ಹೇಳಿದ್ರು. ಅವರ ಕಾಳಜಿ ಗುಜರಿ ಕಡೆ ಹೊಂಟೈತಿ ಅನ್ನೋದು ನನಗೇನು ತಿಳೀದ? ಹಂಗ ಇರಲಿ ಅಂದೆ.

ಹಂಗ ಇಟ್ಟದ್ದು ಚಲೋನ ಆತು. ಸಂತಿ ದಿನ ನಡುರಸ್ತೆದಾಗ ಹರಟಿ ಹೊಡಿಯೋರು, ಅಡ್ಡ ಮಲಗಿದ ಎಮ್ಮಿ, ಎಲ್ಲಾರೂ ಎದ್ದು ದಾರಿ ಬಿಡತಾರ. ಒಂದು ಎಮ್ಮಿಯಂತೂ ಈಗ ನಾ ಇನ್ನೂ ಬ್ರೇಕಿಗೆ ಕೈ ಹಚ್ಚೂದ್ರಾಗ ಎದ್ದು ನಿಂದ್ರತೈತಿ. ನನ್ನ ಕ್ಲಾಸಿನ ಹುಡುಗ್ರಿಗಿಂತ ಅದಕ್ಕ ಶಿಸ್ತು ಜಾಸ್ತಿ ಐತಿ.

ಖಂಡೇ ಪೂಜಾ

ಮಹಾನವಮಿ ದಿನ ಖಂಡೇ ಪೂಜಾ. ಮನ್ಯಾಗಿನ ಕಬ್ಬಿಣದ ಸಾಮಾನೆಲ್ಲಾ ತೊಳದು ಪೂಜಾಕ್ಕ ಇಡತೇವಿ. ಒಮ್ಮೆ ಪೂಜಾ ಆತಂದ್ರ ಮರುದಿನ ಸಂಜೀಕ ಬನ್ನಿ ಕೊಡೂ ತನಕ ಮಣೀ ಮ್ಯಾಲಿನ ಹತಾರ ಯಾರೂ ಮುಟ್ಟಂಗಿಲ್ಲ, ಗಾಡಿಗೆ ಮಾತ್ರ ಆ ಕಟ್ಟಿಲ್ಲ. ನಮ್ಮ ಅತ್ತಿ ಕಡೆ ಈ ವಿಷಯದಾಗ ದೇವ್ರಿಗೂ ರಿಯಾಯತಿ ಇಲ್ಲ.

ಪೂಜಾಕ್ಕ ಮೊದಲು ಗಾಡಿ ಚೊಕ್ಕ ಮಾಡೂಣು ಅಂತ ಮುಂಜಾನೆ ಹಿಂದಿನ ಗಾಲಿ ಬಿಚ್ಚಿದೆ. ಗಾಡೀನ ಇಟ್ಟಂಗಿ ಮ್ಯಾಲ ನಿಲ್ಲಿಸಿ, ಗಾಲಿಗೆ ಗ್ರೀಸ್ ಹಚ್ಚಿ, ಮೈ ತೊಳಕೊಂಡು ಬಂದು ಜೋಡಿಸಿದ್ರಾತು ಅಂತ ಒಳಗ ಹೋದೆ. ಬಂದು ನೋಡತೇನಿ, ನನ್ನ ನಟ್ ಬಿಚ್ಚೂ ಪಾನಾ, ಪಕ್ಕಡ, ಸ್ಕ್ರೂ ಡ್ರೈವರ್ ಎಲ್ಲಾ ಕುಡಗೋಲು, ಈಳಿಗಿ ಬಾಜೂಕ ಮಣೀ ಮ್ಯಾಲ ಕುಂತಾವ. ವಿಭೂತಿ, ಕುಂಕುಮ, ಚೆಂಡು ಹೂವು. ಕಾಯಿ ಒಡದು ಆಗೈತಿ. ಇಷ್ಟು ವರ್ಷ ಈ ಮನ್ಯಾಗ ಈಳಿಗಿಗೆ ಪೂಜಾ ಆತು, ಪಾನಾಕ್ಕ ಆಗಿರಲಿಲ್ಲ. ಈ ಸಲಾ ಅತ್ತಿ ತಾವಾಗೇ ಹುಡುಕಿ ತಂದು ಇಟ್ಟಿದ್ರು. ನನಗ ಕಣ್ಣಾಗ ನೀರು ಬಂತು. ಅರ್ಧ ಪ್ರೀತಿಗೆ, ಅರ್ಧ ಇಟ್ಟಂಗಿ ಮ್ಯಾಲಿನ ಗಾಡಿ ನೋಡಿ.

ನಮ್ಮನಿಯವರು ಅದನ್ನ ನೋಡಿದ್ದ ತಡಾ, ಕಾಕಾಗ ಫೋನ್ ಹಚ್ಚಿ ಎಲ್ಲಾರಿಗೂ ಕೇಳೂವಂಗ ಇಟ್ರು. ಗಾಲಿ ಇಲ್ಲದ ಗಾಡಿ ಒಂದೈತಿ, ಬಂದು ಒಯ್ರಿ ಅಂದ್ರು.

ಕಾಕಾ ಸಮಾಧಾನ್ಲೆ ಹೇಳಿದ್ರು, "ಸಾಹೇಬ್ರ, ನಮ್ಮ ಪಾನಾನೂ ಪೂಜಾದಾಗ ಅದಾವ್ರಿ. ನಾಳೆ ಬನ್ನಿ ಕೊಟ್ಟ ಮ್ಯಾಲ ನೋಡೂಣು."

ಸರಿ, ನಾಳೆ ಬನ್ನಿ ಆದ ಕೂಡಲೇ ಗ್ಯಾರೇಜಿಗೆ, ಅಲ್ಲಿಂದ ಗುಜರಿಗೆ ಅಂತ ಇವರು ಹಾಡಕೊಂತ ತಮ್ಮ ಬೈಕ್ ತೊಳ್ಯಾಕ ನಿಂತ್ರು. ಪೈಪ್ ಹಚ್ಚಿ ಇಂಜಿನ್ನಿನ ಸಂದಿಸಂದಿಗೆ ನೀರು ಹೊಡದ್ರು. ಎಮ್ಮೀನೂ ಹಂಗ ಯಾರೂ ಮೈ ತೊಳಸಂಗಿಲ್ಲ. ಆಮ್ಯಾಲೆ ಕಬ್ಬು ಕಟ್ಟಿದ್ರು, ಹಾರ ಹಾಕಿದ್ರು.

ದಸಮಿ ಸಂಜೀಕ ಇವರು ಸೊಸೈಟಿ ಅಧ್ಯಕ್ಷರ ಮನಿಗೆ ತಿರ್ಲಾಪುರಕ್ಕ ಹೋಗಿ ಎಲ್ಲಾರಿಗಿಂತ ಮೊದಲ ಬನ್ನಿ ಕೊಡಬೇಕು, ಅದು ಇವರ ವರ್ಷಾವಧಿ ವ್ರತ. ಇಸ್ತ್ರಿ ಮಾಡಿದ ದೋತರ ಉಟಗೊಂಡು ಬೈಕಿಗೆ ಕಿಕ್ ಹೊಡದ್ರು. ಸದ್ದಿಲ್ಲ. ಮತ್ತ ಹೊಡದ್ರು. ದೋತರ ಸಡಲ ಆತು, ಬೈಕ್ ಮಿಸಕಲಿಲ್ಲ. ಪ್ಲಗ್ಗಿಗೆ ನೀರು ಹೊಕ್ಕೈತಿ ಅನ್ನೋದು ನನಗ ಮೊದಲ ಕಿಕ್ಕಿಗೇ ಗೊತ್ತಾತು. ಬಿಚ್ಚಿ ಒರಸಿದ್ರ ಎರಡು ನಿಮಿಷದ ಕೆಲಸ. ನಾ ಬಾಯಿ ಬಿಡಲಿಲ್ಲ.

ಅಷ್ಟರಾಗ ಅತ್ತಿ ಗುಡಿಯಿಂದ ಬನ್ನಿ ತಂದ್ರು. ನಾ ಅವರ ಕೈಯಾಗ ಬನ್ನಿ ಕೊಟ್ಟು ಕಾಲಿಗೆ ಬಿದ್ದೆ.

"ಬಂಗಾರದಂಗ ಇರವಾ" ಅಂದ್ರು ಅತ್ತಿ. "ಏಳು, ಈಗ ಪಾನಾ ಎತ್ತು."

ಹತ್ತ ನಿಮಿಷ. ಕುಂಕುಮ ಹಚ್ಚಿದ ಪಾನಾಲೇ ಗಾಲಿ ಜೋಡಿಸಿ, ಗಾಡಿ ಚಾಲು ಮಾಡಿ, ಬಾಗಲ್ದಾಗ ಬನ್ನಿ ಹಿಡಕೊಂಡು ನಿಂತಿದ್ದ ನಮ್ಮನಿಯವರ ಮುಂದ ತಂದು ನಿಲ್ಲಿಸಿದೆ. ಹಿಂದ ಕುಂದರ್ರಿ ಅಂದೆ. ಆ ಕಡೆ ನೋಡಿದ್ರು, ಈ ಕಡೆ ನೋಡಿದ್ರು. ಅಧ್ಯಕ್ಷರು ನೆನಪಾಗಿರಬೇಕು. ದೋತರ ಮುದ್ದಿ ಆಗಬಾರ್ದಂತ ಎರಡೂ ಕಾಲು ಒಂದ ಬಾಜೂಕ ಹಾಕಿ, ನನ್ನ ಹೆಗಲು ಹಿಡಕೊಂಡು ಕುಂತ್ರು. ಓಣಿ ಮಂದಿ ನಕ್ಕರು ಖರೆ, ಈ ಸಲಾ ನನ್ನ ನೋಡಿ ಅಲ್ಲ.

ಹಿರೇರು ಅಂದ ಮ್ಯಾಲ ಕಾಕಾಗೂ ಬನ್ನಿ ಕೊಡಬೇಕು. ಗ್ಯಾರೇಜಿನ ಮುಂದ ಬ್ರೇಕ್ ಹಿಡದೆ. ಹಾರ್ನ್ ಒದರಿತು. ಬಾಕಿನ ಮ್ಯಾಲ ಕುಂತಿದ್ದ ಕಾಕಾ ಎದ್ದು ನಿಂತ್ರು. ಬನ್ನಿ ತಗೊಂಡು, ನನ್ನ ನೋಡಿ, ಹಿಂದ ಒಂದ ಬಾಜೂಕ ಕುಂತವರನ್ನ ನೋಡಿ, ರೂಢಿಯಂಗ ಅವರನ್ನ ಕೇಳಿದ್ರು, "ಸಾಹೇಬ್ರ, ನಿಮ್ಮ ಬೈಕಿಗೆ ಏನಾತ್ರಿ?"

ನಮ್ಮನಿಯವರು ಬಾಯಿ ತಗದ್ರು. ನನ್ನ ಮುಖಾ ನೋಡಿದ್ರು.

"ಕಾಕಾ, ಸಾಹೇಬ್ರು ಅಲ್ಲೆ ಬಾಕಿನ ಮ್ಯಾಲ ಕುಂದರ್ಲಿ" ಅಂದೆ. "ನಾ ಹೇಳತೇನಿ."

ಇವರು ದೋತರ ಸಂಬಾಳಿಸಿಕೊಂಡು ಹೋಗಿ, ಬಾಕಿನ ಮ್ಯಾಲ ಕುಂತ್ರು.