ಎರಡು ದಿನಕ್ಕೊಂದು ಲಾರಿ

ಹೆಂಡತಿ: ಫ್ರಿಜ್ಜನ್ನೂ ಲಾರಿಗೆ ಹತ್ತಿಸಿದ್ದೀರಾ?

ಗಂಡ: ನಿಲ್ಲಿಸಿ ಕಟ್ಟಿದ್ದೀನಿ. ಮಲಗಿಸಿದ್ರೆ ಕೆಡುತ್ತೆ.

ಹೆಂಡತಿ: ಪಾಪ. ಅದಕ್ಕೊಂದು ಕಿಟಕಿ ಪಕ್ಕದ ಜಾಗ ಕೊಡಿ, ಸಮುದ್ರ ನೋಡ್ಕೊಂಡು ಬರಲಿ. ನನ್ನನ್ನ ಹೇಗೆ ಬೇಕಾದ್ರೂ ಮಲಗಿಸಿ, ನಾನು ಕೆಟ್ಟರೆ ಕೇಳೋರಿಲ್ಲ.

ಗಂಡ: ಮಲಗೋದ್ಯಾಕೆ? ಮುಂದಿನ ಸೀಟಲ್ಲಿ ನಾವು ನಾಲ್ಕೂ ಜನ ಆರಾಮಾಗಿ ಹಿಡಿಸ್ತೀವಿ.

ಆಕೆ ಹೊಸ್ತಿಲಲ್ಲೇ ನಿಂತಿದ್ದಳು. ಹೆಗಲ ಚೀಲ ಇಳಿಸೋಣವೆಂದರೆ ಕುರ್ಚಿಯಿಲ್ಲ, ನೇತುಹಾಕೋಣವೆಂದರೆ ಗೋಡೆಯ ಮೊಳೆಯೂ ಇಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಇದು ಮನೆಯಾಗಿತ್ತು. ಗಂಡ ಮನೆ ಸಾಮಾನು ಸಾಗಿಸುವ ಕಂಪನಿಯಲ್ಲಿ ಮೇಸ್ತ್ರಿ. ಕಂಡವರ ಸಂಸಾರವನ್ನೆಲ್ಲ ಗಂಟುಮೂಟೆ ಕಟ್ಟಿ ಬೇರೆ ಊರಿಗೆ ತಲುಪಿಸುವುದು ಅವನ ಕಸುಬು. ಕಟ್ಟುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಹೆಂಡತಿಯ ಮಾತನ್ನು ಅರ್ಥ ಮಾಡಿಕೊಳ್ಳದಿರುವುದರಲ್ಲಂತೂ ಅವನಿಗೆ ಸಾಟಿಯೇ ಇಲ್ಲ.

ಹೆಂಡತಿ: ಸಮುದ್ರ ನೋಡೋಕೆ ಹೋಗ್ತಿರೋದು ಎರಡು ದಿನಕ್ಕೆ ರೀ. ಅಲ್ಲಿ ಬಾಡಿಗೆ ಮನೇಲಿ ಮಂಚ ಇದೆ, ಒಲೆ ಇದೆ, ಪಾತ್ರೆ ಇದೆ.

ಗಂಡ: ನಿನ್ನೆ ರಾತ್ರಿ ನೀನೇ ಅಲ್ವಾ ಹೇಳಿದ್ದು?

ಹೆಂಡತಿ: ಏನಂದೆ?

ಗಂಡ: ಚಿಕ್ಕವನಿಗೆ ಅವನ ಹಾಸಿಗೆ ಇಲ್ಲದಿದ್ರೆ ನಿದ್ದೆ ಬರಲ್ಲ, ದೊಡ್ಡವಳು ಅವಳ ತಟ್ಟೆ ಬಿಟ್ಟು ಬೇರೆದರಲ್ಲಿ ತಿನ್ನಲ್ಲ ಅಂದೆ. ಏನು ಮಾಡೋಣ ಅಂತ ನಾನು ಕೇಳಿದೆ. ನೀನು 'ಇಡೀ ಮನೇನೇ ಕಟ್ಕೊಂಡು ಬನ್ನಿ' ಅಂದೆ.

ಹೆಂಡತಿ: ಅದು ಕೊಂಕು.

ಗಂಡ: ಕೊಂಕು ಅಂತ ಮೇಲೆ ಚೀಟಿ ಅಂಟಿಸಿರಬೇಕಿತ್ತು. ನಮ್ಮಲ್ಲಿ ಗಾಜಿನ ಸಾಮಾನಿದ್ರೆ ಡಬ್ಬದ ಮೇಲೆ ಹಾಗೆ ಅಂಟಿಸ್ತೀವಿ.

ಅಂಟಿಸುವ ವಿಷಯದಲ್ಲಿ ಅವನು ಸುಳ್ಳು ಹೇಳುವವನಲ್ಲ. ಅಷ್ಟರಲ್ಲಿ ಕೋಣೆಯಿಂದ ತೆವಳಿಕೊಂಡು ಬಂದ ಚಿಕ್ಕವನ ಬೆನ್ನಿಗೆ 'ಈ ಭಾಗ ಮೇಲಿರಲಿ' ಎಂಬ ಕೆಂಪು ಚೀಟಿ ಇತ್ತು.

ಹೆಂಡತಿ: ಇವನನ್ನೂ ಡಬ್ಬಕ್ಕೆ ತುಂಬೋ ಯೋಚನೆ ಇತ್ತಾ, ಅಥವಾ ಇವನಿಗೆ ಪ್ರತ್ಯೇಕ ಲಾರಿನಾ?

ಗಂಡ: ದೊಡ್ಡವಳು ಅಂಟಿಸಿದ್ದು. ಕಿತ್ತರೆ ಅಳ್ತಾನೆ.

ಹೆಂಡತಿ: ಇವತ್ತು ಅಳೋಕೆ ಅವನೊಬ್ಬನಿಗೇ ಹಕ್ಕಿರೋದಾ? ಕೇಳಿ. ನಾನು ಶಿಶುವಿಹಾರದಲ್ಲಿ ದಿನವಿಡೀ ಊರ ಮಕ್ಕಳಿಗೆ 'ಮುಟ್ಟಬೇಡ, ಎಳೀಬೇಡ, ಬಾಯಿಗೆ ಹಾಕ್ಕೋಬೇಡ' ಅಂತೀನಿ. ಅದಕ್ಕೆ ಸಂಬಳ ಕೊಡ್ತಾರೆ. ಮನೆಗೆ ಬಂದು ಅದನ್ನೇ ಪುಕ್ಕಟೆ ಹೇಳ್ತೀನಿ. ಎರಡೇ ಎರಡು ದಿನ, ಏನೂ ತೊಳೀದೆ, ಏನೂ ಜೋಡಿಸದೆ, ಯಾರಿಗೂ ಬೇಡ ಅನ್ನದೆ ಸುಮ್ಮನೆ ಬಿದ್ಕೋಬೇಕು ಅಂತ ಆಸೆ. ಈಗ ಅಲ್ಲಿಗೆ ಹೋಗಿ ಈ ಇಡೀ ಸಂಸಾರವನ್ನ ಬಿಚ್ಚಿ ಜೋಡಿಸಿ ಒರೆಸೋರು ಯಾರು? ಫ್ರಿಜ್ಜಾ?

ಗಂಡ: ಇಳಿಸೋಕೆ ಅಲ್ಲಿನ ನಮ್ಮ ಹುಡುಗರು ಕಾಯ್ತಿದ್ದಾರೆ. ಹೇಳಿಟ್ಟಿದ್ದೀನಿ.

ಹೆಂಡತಿ: ದೊಡ್ಡ ಉಪಕಾರ. ಅವರಿಗೂ ಮಕ್ಕಳಿದ್ರೆ ಕರ್ಕೊಂಡು ಬರೋಕೆ ಹೇಳಿ. ನಾನು ಹೇಗೂ ಖಾಲಿ ಕೂತಿರ್ತೀನಲ್ಲ.

ಗಂಡ: ಕೇಳಿ ನೋಡ್ತೀನಿ.

ಅವನು ನಿಜವಾಗಿಯೂ ಫೋನಿಗಾಗಿ ಜೇಬಿಗೆ ಕೈಹಾಕಿದ. ಆಕೆ ಅದನ್ನು ಕಸಿದುಕೊಳ್ಳುವಷ್ಟರಲ್ಲಿ ಕೆಳಗಿನ ಮಹಡಿಯಲ್ಲಿರುವ ಮನೆಯೊಡತಿ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಬರುವಾಗಲೇ ಅವರ ಕಣ್ಣು ಗೋಡೆಗಳ ಮೇಲೆಲ್ಲ ಓಡಾಡುತ್ತಿತ್ತು.

ಒಡತಿ: ಏನಮ್ಮಾ, ಒಂದು ಮಾತೂ ಹೇಳದೆ ಮನೆ ಖಾಲಿ ಮಾಡ್ತಿದ್ದೀರಾ?

ಹೆಂಡತಿ: ಹೂಂ ಅಮ್ಮ, ನಿಮ್ಮ ಕಣ್ಣು ತಪ್ಪಿಸಿ ಓಡಿಹೋಗ್ತಿದ್ದೀವಿ. ಅದಕ್ಕೇ ಹಾಡುಹಗಲು ನಿಮ್ಮ ಗೇಟಿನ ಮುಂದೆ ಲಾರಿ ನಿಲ್ಲಿಸಿರೋದು.

ಒಡತಿ: ಅಂದ್ಕೊಂಡೆ. ನನ್ನ ತಂಗಿ ಮಗ ಮನೆ ಹುಡುಕ್ತಿದ್ದಾನೆ, ಮುಂದಿನ ವಾರ ಬಾ ಅಂತ ಈಗಷ್ಟೇ ಹೇಳ್ಬಿಟ್ಟೆ.

ಹೆಂಡತಿ: ಅಯ್ಯೋ, ಇಲ್ಲಮ್ಮ, ನಾನು ಕೊಂಕಿಗೆ ಹೇಳಿದ್ದು. ನಾವು ಎರಡು ದಿನಕ್ಕೆ ಸಮುದ್ರ ನೋಡೋಕೆ ಹೋಗ್ತಿದ್ದೀವಿ, ಅಷ್ಟೆ.

ಒಡತಿ: ಇದು ನೋಡು ಕೊಂಕು ಅಂದ್ರೆ. ಮಂಚ ಕಪಾಟು ಹೊತ್ಕೊಂಡು ಸಮುದ್ರ ನೋಡೋಕೆ ಹೋಗೋರನ್ನ ನಾನು ಇವತ್ತಿನವರೆಗೂ ಕಂಡಿಲ್ಲ.

ಗಂಡ: ನಿಜ ಅಮ್ಮ. ಸೋಮವಾರ ವಾಪಸ್ ಬರ್ತೀವಿ.

ಒಡತಿ: ಸಾಮಾನೆಲ್ಲ ಹೊತ್ಕೊಂಡು?

ಗಂಡ: ಹೂಂ.

ಮನೆಯೊಡತಿ ಗಂಡನ ಮುಖವನ್ನು ನೋಡಿದರು. ಆ ಮುಖದಲ್ಲಿ ಕೊಂಕು ಎಳ್ಳಷ್ಟೂ ಇರಲಿಲ್ಲ. ಹೆಂಡತಿಯ ಕಡೆ ತಿರುಗಿ, ಮದುವೆಯಾಗಿ ಎಷ್ಟು ವರ್ಷವಾಯಿತು ಎಂದು ಮರುಕದಿಂದ ಕೇಳಿ, ಉತ್ತರಕ್ಕೂ ಕಾಯದೆ ಇಳಿದುಹೋದರು.

ಹೆಂಡತಿ: ಸಾಕು. ಎಲ್ಲಾನೂ ಇಳಿಸಿ. ಎರಡು ಜೊತೆ ಬಟ್ಟೆ ಚೀಲಕ್ಕೆ ಹಾಕ್ಕೊಂಡು ಬಸ್ಸಲ್ಲಿ ಹೋಗೋಣ.

ಗಂಡ: ಅದಾಗಲ್ಲ.

ಹೆಂಡತಿ: ಯಾಕೆ?

ಗಂಡ: ಹತ್ತಿಸಿದ ಬಾಗಿಲಲ್ಲೇ ಸಾಮಾನು ಇಳಿಸಬಾರದು. ನಮ್ಮ ಕಸುಬಲ್ಲಿ ಅಪಶಕುನ. ತುಂಬಿದ ಲಾರಿ ಒಂದು ಸಲ ಊರು ದಾಟಲೇಬೇಕು. ನಮ್ಮ ಹಳೇ ಮೇಸ್ತ್ರಿ ಒಬ್ಬರು ಹಾಗೆ ಇಳಿಸಿ, ಆಮೇಲೆ ವರ್ಷಪೂರ್ತಿ ಸೊಂಟ ಹಿಡ್ಕೊಂಡು ಓಡಾಡಿದ್ರು.

ಹೆಂಡತಿ: ಸಾಮಾನು ಹೊತ್ತಿದ್ದಕ್ಕೆ ಸೊಂಟ ಹಿಡಿದಿರಲಿಕ್ಕಿಲ್ಲ ಬಿಡಿ. ಅಪಶಕುನವೇ ಇರಬೇಕು.

ಗಂಡ: ಅದನ್ನೇ ನಾನೂ ಹೇಳಿದ್ದು.

ಈ ಎರಡು ದಿನಕ್ಕಾಗಿ ಆಕೆ ಬೇರೆಯವರ ಪಾಳಿಗಳನ್ನೆಲ್ಲ ಮೈಮೇಲೆ ಎಳೆದುಕೊಂಡು ದುಡಿದಿದ್ದಳು. ಮಕ್ಕಳನ್ನಾದರೂ ಹೊರಡಿಸೋಣವೆಂದು ಒಳಗೆ ಹೋದಳು. ಬರಿದಾದ ಕೋಣೆಯ ನಡುವೆ ದೊಡ್ಡವಳು ನಿಂತುಕೊಂಡು ಗಂಟಲು ಹರಿಯುವಂತೆ ಕೂಗುತ್ತಿದ್ದಳು. ಗೋಡೆ ತಿರುಗಿ ಕೂಗುತ್ತಿತ್ತು. ಚಿಕ್ಕವನು ಅಕ್ಕನ ಸುತ್ತ ಗಿರಗಿರನೆ ತೆವಳುತ್ತಿದ್ದ. ಬೀಳಿಸಲು ಹೂದಾನಿಯಿಲ್ಲ, ತಲೆ ತಾಗಿಸಿಕೊಳ್ಳಲು ಮೇಜಿನ ಮೂಲೆಯಿಲ್ಲ, ಬಾಯಿಗೆ ಹಾಕಿಕೊಳ್ಳಲು ಅವನ ಹೆಬ್ಬೆರಳಲ್ಲದೆ ಬೇರೇನೂ ಇಲ್ಲ.

ದೊಡ್ಡವಳು: ಅಮ್ಮ, ನಾನು ಬರಲ್ಲ. ಇಲ್ಲಿ ಕೂಗಿದ್ರೆ ಮನೆ ಮಾತಾಡುತ್ತೆ.

ಆಕೆ ಸುತ್ತ ನೋಡಿದಳು. ತೊಳೆಯಲು ಪಾತ್ರೆಯಿಲ್ಲ, ಮಡಚಲು ಬಟ್ಟೆಯಿಲ್ಲ, ಒರೆಸಲು ಕಪಾಟಿಲ್ಲ. ಹೆಗಲ ಚೀಲವನ್ನು ನೆಲಕ್ಕಿಳಿಸಿ ಹೊರಗೆ ಬಂದಳು.

ಹೆಂಡತಿ: ನೀವು ಹೊರಡಿ.

ಗಂಡ: ಹೊರಡೋಣ, ಮಕ್ಕಳನ್ನ ಕರಿ.

ಹೆಂಡತಿ: ನೀವೊಬ್ಬರೇ. ಸಾಮಾನಿನ ಜೊತೆ. ನಾವು ಮೂರು ಜನ ಇಲ್ಲೇ ಇರ್ತೀವಿ.

ಗಂಡ: ಈ ಸಲ ನನಗೆ ಗೊತ್ತಾಯ್ತು. ಇದು ಕೊಂಕು.

ಹೆಂಡತಿ: ಕೊಂಕಲ್ಲ. ದೇವರಾಣೆಗೂ ನಿಜ.

ಗಂಡ: 'ದೇವರಾಣೆ' ಅಂತ ಸೇರಿಸಿದ್ಯಲ್ಲ, ಅದರಲ್ಲೇ ಕೊಂಕಿದೆ.

ಹೆಂಡತಿ: ಚೀಟಿ ಕೊಡಿ, ಹಣೆಗೆ ಅಂಟಿಸ್ಕೊಳ್ತೀನಿ. ಹಾಸಿಗೆ, ಕಂಬಳಿ, ಬ್ರೆಡ್ಡು, ಹಣ್ಣು, ಮಕ್ಕಳ ಬಟ್ಟೆ ಕೊಟ್ಟು ಹೋಗಿ. ಇಷ್ಟನ್ನ ಇಳಿಸಿದ್ರೆ ನಿಮ್ಮ ಸೊಂಟಕ್ಕೇನಾಗಲ್ಲ.

ಗಂಡ: ಅಲ್ಲಿ ನಾನೊಬ್ಬನೇ ಏನು ಮಾಡ್ಲಿ?

ಹೆಂಡತಿ: ಇಡೀ ಮನೆ ಬಿಚ್ಚಿ ಜೋಡಿಸಿ. ಯಾವ ಮೇಜು ಎಲ್ಲಿಡಬೇಕು ಅಂತ ಕೇಳೋಕೆ ನಾನಿರಲ್ಲ. ಜೋಡಿಸಿ ಮುಗಿಯೋ ಹೊತ್ತಿಗೆ ವಾಪಸ್ ಬರೋ ಟೈಮಾಗುತ್ತೆ. ಆಗ ಮತ್ತೆ ಮೊದಲಿಂದ ಕಟ್ಟಿ.

ಗಂಡನ ಮುಖ ಮೆಲ್ಲಗೆ ಅರಳಿತು. ಎರಡು ದಿನ, ಒಂದು ಮನೆ, ಯಾರ ಅಡ್ಡಿಯೂ ಇಲ್ಲ: ಇಂಥ ರಜೆಯನ್ನು ಅವನು ಕನಸಿನಲ್ಲೂ ಕಂಡಿರಲಿಲ್ಲ. ಅರ್ಧ ಗಂಟೆಯೊಳಗೆ ಲಾರಿ ಬೀದಿಯ ತಿರುವು ದಾಟಿತು. ಆಕೆ ಹಾಸಿಗೆಯನ್ನು ನಡುಮನೆಯಲ್ಲೇ ಉರುಳಿಸಿ, ಕೈಕಾಲು ಚಾಚಿ ಬಿದ್ದುಕೊಂಡಳು. ದೊಡ್ಡವಳು ಗೋಡೆಯಿಂದ ಗೋಡೆಗೆ ಓಡುತ್ತಿದ್ದಳು, ಚಿಕ್ಕವನು ಹಿಂದೆಯೇ ತೆವಳುತ್ತಿದ್ದ, ಇಬ್ಬರೂ ಕೂಗುತ್ತಿದ್ದರು; ಆಕೆ ಒಂದು ಸಲವೂ 'ಬೇಡ' ಎನ್ನಲಿಲ್ಲ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಎದ್ದು ತೆರೆದರೆ ಮನೆಯೊಡತಿ ನಿಂತಿದ್ದರು.

ಒಡತಿ: ಧಡಧಡ ಶಬ್ದ ಕೇಳಿ ಬಂದೆ. ಲಾರಿ ಹೋಯ್ತು, ನೀವಿನ್ನೂ ಹೋಗಿಲ್ವಾ?

ಹೆಂಡತಿ: ಹೋಗಿದ್ದೀವಿ ಅಮ್ಮ. ಸೋಮವಾರ ಬಂದ ಮೇಲೆ ಮಾತಾಡೋಣ.

ಎಂದವಳೇ ಬಾಗಿಲು ಹಾಕಿಕೊಂಡಳು.